ಸೋಮವಾರದ ಹೆರಿಗೆ

"ನಿಮಗೂ ಡೇಟು ಕೊಡ್ತಾರೇನೇ ಈಗ? ಅಯ್ಯೋ ಶಿವನೇ, ನಾಯಿ ನರಿ ಈಯೋಕೂ ದಿನ ಗೊತ್ತು ಮಾಡೋ ಕಾಲ ಬಂತಲ್ಲಪ್ಪಾ!"

ಕಾಂತಮ್ಮ ನಕ್ಕ ರಭಸಕ್ಕೆ ಬಾಯಲ್ಲಿದ್ದ ಎಲೆಯಡಿಕೆಯ ರಸ ಗಲ್ಲಕ್ಕಿಳಿಯಿತು. ಸೆರಗಿನಿಂದ ಒರೆಸಿಕೊಂಡು ಇನ್ನೊಮ್ಮೆ ನಕ್ಕಳು. ಬಂಗಲೆಯ ಹಿತ್ತಿಲ ಮೆಟ್ಟಿಲ ಕೆಳಗೆ, ಸಗಣಿ ಮೆತ್ತಿದ ಕೈಯನ್ನು ಸೀರೆಗೆ ತಾಗದ ಹಾಗೆ ದೂರ ಹಿಡಿದು ನಿಂತಿದ್ದ ಚಲುವಮ್ಮನೂ ನಕ್ಕಳು. ಅಮ್ಮಾವ್ರು ನಗುವಾಗ ಆಳು ನಗದಿದ್ದರೆ ಅದೂ ಸೊಕ್ಕು ಅನ್ನಿಸಿಕೊಳ್ಳುತ್ತದೆ. ಆ ಕೊಟ್ಟಿಗೆಯ ಸಗಣಿ ಬಾಚುತ್ತಲೇ ತಲೆ ಬೆಳ್ಳಗಾದವಳಿಗೆ ಅಷ್ಟೂ ಗೊತ್ತಿರುವುದಿಲ್ಲವೇ?

"ಊ ಕನ ಅಮ್ಮಾರೇ. ನಮ್ ಸೊಸೆ ಮಾನಸಂಗೆ ಬೀಪಿ ಏರೈತಂತೆ. ಕಾಲು ನೋಡ್ಬೇಕು ನೀವು, ಕುಂಬಳಕಾಯಂಗೆ ಊದ್ಕಂಡವೆ. ನೋವು ಬರಗಂಟ ಕಾಯಬ್ಯಾಡಿ, ಸೋಮವಾರ ಬೆಳಿಗ್ಗೇಲೇ ಕರ್ಕಂಬನ್ನಿ, ಔಷ್ದಿ ಇಟ್ಟು ನಾವೇ ನೋವು ಬರುಸ್ತೀವಿ ಅಂದ್ರು ಡಾಕ್ಟ್ರಮ್ಮ. ಅದ್ಕೇ ಸೋಮವಾರ ಕೊಟ್ಟಿಗೆ ಕೆಲ್ಸಕ್ಕೆ ನಾ ಬರಕ್ಕಾಗಕಿಲ್ಲ. ಜೀಪು ಒಂದು ಗಳಿಗೆ ಕೊಟ್ರೆ..."

"ಯಾವ ಸೋಮವಾರ?"

"ಇದೇ, ನಾಡಿದ್ದು."

ಕಾಂತಮ್ಮನ ನಗು ಎತ್ತ ಹೋಯಿತೋ. "ನಾಡಿದ್ದು ಸೋಮವಾರ?" ಎಂದು ಇನ್ನೊಂದು ಸಲ ಕೇಳಿದಳು. ಆಮೇಲೆ "ರೀ, ಕೇಳಿದ್ರಾ ಇವಳು ಹೇಳೋದ್ನ!" ಎಂದು ಕೂಗುತ್ತ ಒಳಗೆ ಹೋದಳು.

ಆಗ ಚಲುವಮ್ಮನಿಗೆ ಹೊಳೆಯಿತು. ಥೂ, ನನ್ನ ಬಾಯಿಗಿಷ್ಟು ಮಣ್ಣು ಬೀಳ, ಅಂದುಕೊಂಡಳು. ಬಂಗಲೆಯ ಸೊಸೆ ಐಶ್ವರ್ಯಳದ್ದೂ ಸೋಮವಾರವೇ! ವಾರದಿಂದ ಆ ಮನೆಯಲ್ಲಿ ಅದೇ ಮಾತು. ಮಠದ ಅಯ್ಯನವರು ನಕ್ಷತ್ರ ನೋಡಿ, ಸೋಮವಾರ ಹೊತ್ತು ನೆತ್ತಿಗೇರುವ ಮುಂಚೆ ಹುಟ್ಟಿದ ಕೂಸಿಗೆ ರಾಜಯೋಗ ಎಂದು ಹೇಳಿದ್ದರು. ಮೈಸೂರಿನ ನರ್ಸಿಂಗ್ ಹೋಮಿನಲ್ಲಿ ಆಪರೇಷನ್ನಿಗೆ ಗೊತ್ತಾಗಿತ್ತು. "ದಿನ ಇನ್ನೂ ತುಂಬಿಲ್ಲ, ಕಾಯೋಣ" ಅಂದ ಅಲ್ಲಿನ ಡಾಕ್ಟರನ್ನು ಒಪ್ಪಿಸುವುದಕ್ಕೆ ಸಾಹುಕಾರ ಸಿದ್ದಬಸಪ್ಪನೇ ಖುದ್ದು ಹೋಗಿ ಬಂದಿದ್ದ. ನಕ್ಷತ್ರವೇನು ಅವನ ಎಸ್ಟೇಟಿನ ಲೈನ್ ಮನೆಯ ಆಳೇ, ಹೇಳಿದಷ್ಟು ಹೊತ್ತು ಕಾದು ನಿಲ್ಲುವುದಕ್ಕೆ?

ಬೆಳಿಗ್ಗೆ ಸರ್ಕಾರಿ ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಮಾನಸಳ ತೋಳಿಗೆ ಪಟ್ಟಿ ಕಟ್ಟಿ ನೋಡಿದ್ದಳು, ಬಿಚ್ಚಿ ಮತ್ತೆ ಕಟ್ಟಿ ನೋಡಿದ್ದಳು. ಪಾದದ ಮೇಲೆ ಬೆರಳೊತ್ತಿದರೆ ಬಿದ್ದ ಗುಳಿ ಮೇಲೇಳಲೇ ಇಲ್ಲ. "ಹೀಗೇ ಬಿಟ್ರೆ ಫಿಟ್ಸ್ ಬರುತ್ತೆ. ಮಗು ಬೆಳೆದಿದೆ, ಈಗ ಹೊರಗೆ ಬಂದ್ರೇನೇ ಇಬ್ಬರಿಗೂ ಒಳ್ಳೇದು. ಇವತ್ತು ಬೆಡ್ ಇಲ್ಲ, ಮಾತ್ರೆ ಕೊಡ್ತೀನಿ. ಸೋಮವಾರ ಬಂದು ಅಡ್ಮಿಟ್ ಆಗಿ. ನೋವು ಬಂದಿಲ್ಲ ಅಂತ ಮನೇಲಿ ಕೂತ್ಕೋಬೇಡಿ, ಗೊತ್ತಾಯ್ತಾ? ಅಷ್ಟರೊಳಗೆ ತಲೆನೋವು ಬಂದ್ರೆ, ಕಣ್ಣು ಮಂಜಾದ್ರೆ, ಆ ಗಳಿಗೆಗೇ ಹೊರಟು ಬರಬೇಕು" ಎಂದು ಹೇಳಿದ್ದಳು. ಬಾರದ ನೋವನ್ನು ಬರಿಸುವುದೆಂದರೆ ಏನೆಂದು ಚಲುವಮ್ಮನಿಗೆ ತಿಳಿಯಲಿಲ್ಲ. ಆದರೂ ಡಾಕ್ಟರಮ್ಮನ ಮಾತು ಎಂದು ತಲೆಯಾಡಿಸಿದ್ದಳು.

ಕಾಫಿ ಎಸ್ಟೇಟಿರುವ ನೆಲ್ಯಹುದಿಕೇರಿಗೆ ವಾಪಸು ಬರುವ ಬಸ್ಸಿನಲ್ಲಿ ಮಾನಸ ಅತ್ತೆಯ ಕಿವಿಯ ಹತ್ತಿರ ಬಾಗಿ ಹೇಳಿದ್ದಳು: "ಬಂಗ್ಲೇಲಿ ಏನೂ ಹೇಳ್ಬೇಡಿ ಅತ್ತೆ. ಹೇಳಿದ್ರೆ ಏನಾರ ಒಂದು ಕೊಕ್ಕೆ ಹಾಕ್ತಾರೆ. ಸೋಮವಾರ ಆಟೋ ಮಾಡ್ಕಂಡು ಸುಮ್ನೆ ಹೋಗ್ಬುಡಣ."

"ಹೇಳ್ದೆ ಹೋಗಾಕಾದದಾ ಮಗಾ? ಅವ್ರ ನೆಲದಲ್ಲಿ ಇದ್ಕಂಡು?"

ಅದೇ ನೋಡಿ. ಪಿರಿಯಾಪಟ್ಟಣದ ಕಡೆಯಿಂದ ಗಂಡನ ಹಿಂದೆ ಬಂದು ಈ ಎಸ್ಟೇಟು ಸೇರಿದ ದಿನದಿಂದ ಚಲುವಮ್ಮನ ಮನೆಯ ಯಾವ ಸುದ್ದಿಯೂ ಬಂಗಲೆ ಮುಟ್ಟದೆ ಉಳಿದದ್ದಿಲ್ಲ. ಮಗ ಹುಟ್ಟಿದ್ದು, ಗಂಡ ಸತ್ತದ್ದು, ಸೊಸೆ ಮುಟ್ಟು ನಿಂತದ್ದು, ಎಲ್ಲವನ್ನೂ ಮೊದಲು ಹಿತ್ತಿಲ ಮೆಟ್ಟಿಲ ಕೆಳಗೆ ನಿಂತು ಒಪ್ಪಿಸಿ ಬಂದವಳು. ಬಾಯಿ ಬಿಟ್ಟರೆ ಬಣ್ಣಗೇಡು ಅನ್ನುವುದು ಗೊತ್ತಿದ್ದೂ ಬಾಯಿ ಬಿಟ್ಟಳು.

ಸಂಜೆ ಅಮ್ಮ ಮಗನಿಗೆ ಕಣಕ್ಕೆ ಬರಬೇಕೆಂದು ಕರೆ ಬಂತು. ಕಣದ ತುಂಬ ಒಣಗಲು ಹರಡಿದ ರೋಬಸ್ಟಾ ಕಾಫಿ. ಸಿದ್ದಬಸಪ್ಪ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕಾಲು ಚಾಚಿ ಕೂತಿದ್ದ. ಪಕ್ಕದಲ್ಲಿ ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಶಾಂತಪ್ಪ. ಕೆಲಸ ಮುಗಿಸಿ ಅಮ್ಮನ ಜೊತೆ ಬಂದ ಚಂದ್ರುವಿನ ಮೈಮೇಲೆ ಕಾಫಿಯ ಧೂಳು ಇನ್ನೂ ಇತ್ತು.

"ಏನೋ ಚಂದ್ರ, ನನ್ನ ಮೊಮ್ಮಗನಿಗೆ ಎದುರಾಗಿ ನಿನ್ನ ಮಗನ್ನ ನಿಲ್ಲಿಸ್ತೀಯೇನೋ?"

"ಏನು ಸಾವ್ಕಾರ್ರೇ?"

"ಎದುರು ಹೆರಿಗೆ ಕಣೋ. ಒಂದೇ ನೆಲದ ಅನ್ನ ತಿಂದ ಇಬ್ಬರು ಬಸುರೀರು ಒಂದೇ ದಿನ ಹೆತ್ತರೆ ಒಂದು ಕೂಸಿನ ಆಯುಸ್ಸು ಇನ್ನೊಂದಕ್ಕೆ ಹೋಗ್ತದೆ. ಅಯ್ಯನವರಿಗೆ ಫೋನ್ ಮಾಡಿ ಕೇಳ್ದೆ. ನಮ್ಮದಾದ್ಮೇಲೆ ಬುಧವಾರ ಕಳೀಲಿ ಅಂದ್ರು. ಗುರುವಾರ ಕರ್ಕೊಂಡೋಗಿ. ಜೀಪು ನಾನೇ ಕೊಡ್ತೀನಿ, ಡೀಸೆಲ್ ಸಮೇತ."

"ನಿಮ್ದು ಮೈಸೂರಲ್ಲಿ ಸಾವ್ಕಾರ್ರೇ, ನಮ್ದು ಸರ್ಕಾರಿ ಆಸ್ಪತ್ರೇಲಿ. ಈ ನೆಲದ ಮ್ಯಾಲೆ ಯಾವ್ದೂ ಆಗಕಿಲ್ವಲ್ಲ?"

"ಬಸುರು ಮಾಡಿದ್ದು ಎಲ್ಲೋ ಬೋಳಿಮಗನೇ? ನನ್ನ ಲೈನ್ ಮನೇಲಿ ತಾನೇ?"

ಶಾಂತಪ್ಪ ಕಿಸಕ್ಕನೆ ನಕ್ಕ. ಚಂದ್ರುವಿನ ಕಿವಿ ಕೆಂಪಾಯಿತು. ಅಮ್ಮನ ಎದುರಿಗೇ ಕೇಳಿದ ಮಾತು ಅದು. ಚಲುವಮ್ಮ ತಲೆ ತಗ್ಗಿಸಿ ಕಾಲ ಬೆರಳಿಂದ ಕಾಫಿಬೀಜ ಸರಿಸುತ್ತ ನಿಂತಳು.

"ಡಾಕ್ಟ್ರಮ್ಮ ಖಂಡಿತ ಸೋಮವಾರ ಅಂದವ್ರೆ. ಬೀಪಿ ಐತೆ, ಹೆಚ್ಚುಕಮ್ಮಿ ಆದ್ರೆ..."

"ಡಾಕ್ಟರಿಗೇನು, ಬುಧವಾರ ರಜ ಹಾಕ್ಕೊಂಡಿರ್ಬೇಕು, ಅದಕ್ಕೇ ಸೋಮವಾರ ಅಂತಾಳೆ. ನೋವೇ ಬಂದಿಲ್ಲ ಅಂದ್ಮೇಲೆ ಏನೋ ಅರ್ಜೆಂಟು? ಹಣ್ಣಾಗದ ಕಾಯಿನ ಯಾರಾದ್ರೂ ಕೀಳ್ತಾರೇನೋ?"

"ನೀವು ಕೀಳ್ತಿಲ್ವಾ?"

ಮಾತು ಚಂದ್ರುವಿನ ಬಾಯಿಂದ ಜಾರಿಬಿಟ್ಟಿತ್ತು. ಸಿದ್ದಬಸಪ್ಪ ಕುರ್ಚಿಯಿಂದ ಎದ್ದು ಬಂದು ಕೆನ್ನೆಗೆ ಬಾರಿಸಿದ. ಬಡವನ ಕೋಪ ದವಡೆಗೆ ಮೂಲ ಅನ್ನುವ ಗಾದೆ ಸುಮ್ಮನೆ ಹುಟ್ಟಿದ್ದಲ್ಲ. ಅದನ್ನು ಕಟ್ಟಿದವನೂ ಯಾವುದೋ ಕಣದಲ್ಲಿ ಹೀಗೇ ಹೊಡೆಸಿಕೊಂಡಿರಬೇಕು.

"ಸೂಳೇಮಗನೇ, ನನ್ನ ಸೊಸೆ ಹೊಟ್ಟೆ ಮಾತಾಡ್ತೀಯಾ? ಸೋಮವಾರ ಗೇಟು ದಾಟಿ ನೋಡು. ಗುರುವಾರದ ಹೊತ್ತಿಗೆ ನಿನ್ನ ಪಾತ್ರೆ ಪಡಗ ಎಲ್ಲ ರೋಡಲ್ಲಿರ್ತವೆ. ಬಾಣಂತೀನ ಬಸ್‌ಸ್ಟ್ಯಾಂಡಲ್ಲಿ ಮಲಗಿಸ್ಕೋ."

ಚಲುವಮ್ಮ ನಡುವೆ ಬಂದು ಕೈಮುಗಿದಳು. "ಬುಡಿ ಬುದ್ಧಿ, ಬುಡಿ. ಹುಡ್ಗ, ತಿಳೀದು. ನೀವು ಹೇಳ್ದಂಗೇ ಆಯ್ತದೆ."

"ನಿನ್ನ ಬಾಯಿ ಮಾತು ಬೇಡ ಚಲುವಿ. ಇವಳೇ, ಉಪ್ಪು ತಗೊಂಡ್ ಬಾ" ಎಂದು ಸಿದ್ದಬಸಪ್ಪ ಬಂಗಲೆಯ ಕಡೆ ಕೂಗಿದ.

ಕಾಂತಮ್ಮ ಅಡುಗೆಮನೆಯಿಂದ ಕಲ್ಲುಪ್ಪು ತಂದು, ಚಾಚಿದ ಬೊಗಸೆಗೆ ಕೈ ತಾಗದಷ್ಟು ಮೇಲಿನಿಂದ ಸುರಿದಳು. ಲೈನಿನವರ ಆಣೆಗಳಲ್ಲೆಲ್ಲ ದೊಡ್ಡದು ಅದು. ದೇವರ ಮೇಲೆ ಆಣೆಯಿಟ್ಟು ಸುಳ್ಳು ಹೇಳಿದವರು ಇದ್ದಾರೆ, ಉಂಡ ಮನೆಯ ಉಪ್ಪು ಹಿಡಿದು ಆಡಿದ ಮಾತನ್ನು ಮುರಿದವರಿಲ್ಲ. ಮುರಿದರೆ ಅದು ವಂಶದ ಕುಡಿಗೇ ತಗಲುತ್ತದೆಂದು ಚಲುವಮ್ಮನ ಅವ್ವನೂ ಹೇಳಿದ್ದಳು, ಅತ್ತೆಯೂ ಹೇಳಿದ್ದಳು. ಯಾರ ಉಪ್ಪು, ಯಾರ ಬೆವರಿನದು ಅಂತ ಅವರಿಬ್ಬರೂ ಕೇಳಿದವರಲ್ಲ.

"ನನ್ ಸೊಸೆ ಗುರುವಾರ ಬೆಳಕರಿಯಗಂಟ ಎಸ್ಟೇಟ್ ಗೇಟು ದಾಟಾಕಿಲ್ಲ ಬುದ್ಧಿ" ಎಂದು ಚಲುವಮ್ಮ ಉಪ್ಪು ಹಿಡಿದು ಹೇಳಿದಳು. ಪಾಪ, ಮಗನಿಗೆ ಇನ್ನೊಂದು ಏಟು ತಪ್ಪಿತು, ಮನೆ ಉಳಿಯಿತು, ಜೀಪೂ ಸಿಕ್ಕಿತು ಎಂದೇ ಎಣಿಸಿದಳು.

ಅತ್ತೆ ಮನೆಗೆ ಬಂದು ಹೇಳಿದ್ದನ್ನೆಲ್ಲ ಮಾನಸ ಒಲೆಯ ಮುಂದೆ ಕೂತು ಕೇಳಿಸಿಕೊಂಡಳು. ಕಾಲು ಮಡಚಲಾಗದೆ ಎರಡನ್ನೂ ಚಾಚಿಕೊಂಡಿದ್ದಳು.

"ಉಪ್ಪು ಹಿಡ್ಕಂಡ್ರಾ? ನನ್ ಕೇಳ್ದೆ? ಹೊಟ್ಟೆ ನಂದಲ್ವಾ ಅತ್ತೆ?"

"ಎಲ್ಡು ಮೂರು ದಿನ ಹಿಂದು ಮುಂದು ಆದ್ರೆ ಏನಾಯ್ತದವ್ವ? ನೋವೇ ಇಲ್ಲ. ಮಗಾ ಒದೀತೈತೆ. ಚಂದ್ರು ಹುಟ್ದಾಗ ನಾನು ಕಾಫಿ ಪಿಕಿಂಗ್ ಮಾಡ್ತಾ ಮಾಡ್ತಾನೇ ನೋವು ಬಂದು..."

"ನೋವು ಬರೋಕ್ಮುಂಚೆ ಬನ್ನಿ ಅಂತ ಬಾಯ್ಬಡ್ಕಂಡು ಹೇಳಿದ್ರಲ್ಲ ಅವ್ರು! ನೀವೂ ಅಲ್ಲೇ ನಿಂತಿದ್ರಿ. ಆ ಮನೇಲಿ ದಿನ ತುಂಬ್ದೇ ಇರೋದ್ನ ಕೊಯ್ದು ತೆಗೀತಾರೆ, ಈ ಮನೇಲಿ ತುಂಬಿರೋದ್ನ ಅದುಮಿ ಇಟ್ಕೋಬೇಕು. ಯಾವ ನ್ಯಾಯ ಇದು?" ಗಂಡನ ಕಡೆ ತಿರುಗಿದಳು. "ನೀನಾದ್ರೂ ಮಾತಾಡು."

ಚಂದ್ರು ಬೆರಳಚ್ಚು ಮೂಡಿದ ಕೆನ್ನೆಯನ್ನು ಗೋಡೆಯ ಕಡೆ ತಿರುಗಿಸಿಕೊಂಡ. "ದೇವ್ರು ವರ ಕೊಟ್ರೂ ಪೂಜಾರಿ ಕೊಡಾಕಿಲ್ಲ. ಏನ್ ಮಾತಾಡ್ಲಿ?" ಅಂದವನೇ ಎದ್ದು ಹೊರಗೆ ಹೋದ.

"ನಾನು ಹೋಗೇ ಹೋಯ್ತೀನಿ" ಅಂದಳು ಮಾನಸ. ಅಂದದ್ದಷ್ಟೇ ಅಲ್ಲ, ಹಳೆಯ ಸೀರೆ ಹರಿದು ಬಟ್ಟೆಗಂಟು ಕಟ್ಟಿಟ್ಟಳು. ಊರಿನ ಆಶಾ ಕಾರ್ಯಕರ್ತೆ ವೀಣಾಳಿಗೆ ಫೋನ್ ಮಾಡಿ, ಸೋಮವಾರ ಗೇಟಿನ ಹತ್ತಿರ ಆಟೋ ತರಲು ಹೇಳಿದಳು.

ವೀಣಾ ಹೇಳಿದ ಹೊತ್ತಿಗೆ ಆಟೋ ತಂದಳು. ಆದರೆ ಗೇಟಿಗೆ ಬೀಗ ಬಿದ್ದಿತ್ತು. ಆಚೆ ವೀಣಾ, ಈಚೆ ಮಾನಸ, ನಡುವೆ ಕಬ್ಬಿಣದ ಸರಳು. ಎಡಕ್ಕೂ ಬಲಕ್ಕೂ ಆನೆಗೆಂದು ಹಾಕಿದ ಸೋಲಾರ್ ಬೇಲಿ. ಶಾಂತಪ್ಪ ಬೀಗದ ಕೈಯನ್ನು ಬೆರಳಿಗೆ ಸಿಕ್ಕಿಸಿ ತಿರುಗಿಸುತ್ತ ನಿಂತಿದ್ದ.

"ಆನೆ ಇಳಿದಿವೆಯಂತಲ್ಲ. ಯಾರನ್ನೂ ಬಿಡಬೇಡ ಅಂತ ಹೇಳಿದ್ದಾರೆ" ಅಂದ.

"ಯಾವ ಆನೆ ರೀ? ನಾನೀಗ ಅದೇ ರೋಡಲ್ಲಿ ಬಂದಿಲ್ವಾ?" ವೀಣಾ ಸರಳು ಹಿಡಿದು ಅಲ್ಲಾಡಿಸಿದಳು. "ಡಾಕ್ಟರ್ ಹೇಳಿದ ಕೇಸ್ ಇದು. ಏನಾದ್ರೂ ಆದ್ರೆ ನೀವು ಬರ್ತೀರಾ ಉತ್ತರ ಕೊಡೋಕೆ?"

"ನಂಗ್ಯಾಕಮ್ಮ ಹೇಳ್ತಿ? ನಾನೂ ಆಳೇ."

ವೀಣಾ ಆಂಬ್ಯುಲೆನ್ಸಿಗೆ ಫೋನ್ ಹಚ್ಚಿದಳು. ಆ ಗಾಡಿ ಬಂದರೆ ಗೇಟು ತೆಗೆಯಲೇಬೇಕಲ್ಲ. ಆ ತುದಿಯ ಹೆಣ್ಣುದನಿ ಮೊದಲು ಕೇಳಿದ್ದೇ "ನೋವು ಬಂದಿದ್ಯಾ?" ಎಂದು. ಇಲ್ಲ ಅಂದಳು. ನೀರು ಹೋಗಿದ್ಯಾ? ಇಲ್ಲ. ಪ್ರಜ್ಞೆ ಇದ್ಯಾ? ನಿಂತಿದ್ದಾಳೆ, ಮಾತಾಡ್ತಿದ್ದಾಳೆ. ಹಾಗಾದ್ರೆ ಬೇರೆ ಗಾಡಿ ಮಾಡ್ಕೊಂಡು ಹೋಗಿ ಮೇಡಂ, ಇದು ಎಮರ್ಜೆನ್ಸಿಗೆ ಮಾತ್ರ. ಬೇರೆ ಗಾಡಿ ಮೂರು ಮಾರು ದೂರದಲ್ಲಿ ಬಾಗಿಲು ತೆರೆದುಕೊಂಡು ನಿಂತಿತ್ತು.

ಅಷ್ಟರಲ್ಲಿ ಮೇಲೆ ಬಂಗಲೆಯ ಕಡೆಯಿಂದ ಹಾರನ್ನು ಕೇಳಿತು. ಮುಂದೆ ಮಲ್ಲಿಗೆ ಹಾರ ಹಾಕಿದ ಕಾರು, ಹಿಂದೆ ಹಾಸಿಗೆ, ಫ್ಲಾಸ್ಕು, ತೊಟ್ಟಿಲು ಹೇರಿದ ಜೀಪು. ಸಾಮಾನು ಇಳಿಸಲು ಆಳು ಬೇಕೆಂದು ಚಂದ್ರುವನ್ನು ಬೆಳಗಾಗುವ ಮುಂಚೆಯೇ ಕರೆದೊಯ್ದಿದ್ದರು. ಅವನು ಜೀಪಿನ ಹಿಂದೆ ತೊಟ್ಟಿಲಿನ ಪಕ್ಕ ಕೂತಿದ್ದ. ಶಾಂತಪ್ಪ ಓಡಿ ಬೀಗ ತೆಗೆದು ಗೇಟಿನ ಎರಡೂ ಬಾಗಿಲನ್ನು ಹಾರುಹೊಡೆದ.

ಮಾನಸ ಬಟ್ಟೆಗಂಟು ಎತ್ತಿಕೊಂಡು ಗೇಟಿನತ್ತ ನಡೆದಳು. ಓಡಲು ಆ ಕಾಲುಗಳಿಗೆ ಆಗುತ್ತಿರಲಿಲ್ಲ. ಕಾರು ಅವಳ ಪಕ್ಕ ನಿಧಾನವಾಯಿತು. ಹಿಂದಿನ ಸೀಟಿನಲ್ಲಿದ್ದ ಐಶ್ವರ್ಯ ಕಿಟಕಿಯಿಂದ ಆಚೆ ನೋಡಿದಳು. ಪಾಪದ ಹುಡುಗಿ, ಅವಳ ಮುಖವೂ ಹೆದರಿಕೆಯಿಂದ ಬಿಳುಚಿತ್ತು. ಎರಡು ಹೊಟ್ಟೆಗಳೂ ಎದುರಾಗುವಷ್ಟರಲ್ಲಿ ಕಾಂತಮ್ಮ ಲಬಕ್ಕನೆ ಸೆರಗೆಳೆದು ಸೊಸೆಯ ಮುಖ ಮುಚ್ಚಿದಳು. ಮುಂದಿನ ಗಾಜು ಇಳಿದು ಸಿದ್ದಬಸಪ್ಪನ ದನಿ ಬಂತು.

"ಚಲುವೀ! ಆಣೆ ಏನಾಯ್ತೇ?"

ಕೊಟ್ಟಿಗೆಯಿಂದ ಏದುಸಿರು ಬಿಡುತ್ತ ಬಂದ ಚಲುವಮ್ಮ ಒಂದೇ ಓಟಕ್ಕೆ ಸೊಸೆಯ ಮಣಿಕಟ್ಟು ಹಿಡಿದಳು. ಬೇರೆ ಯಾರೂ ಹಿಡಿಯಲಿಲ್ಲ, ಶಾಂತಪ್ಪನೂ ಮುಟ್ಟಲಿಲ್ಲ. ಹಿಡಿದದ್ದು ಅವಳೇ.

"ಬುಡಿ ಅತ್ತೆ. ನಿಮ್ ಕಾಲಿಗ್ ಬೀಳ್ತೀನಿ, ಬುಡಿ."

"ಬ್ಯಾಡ ಮಗಾ. ಉಪ್ಪು ಹಿಡ್ದಿವ್ನಿ. ನಿನ್ ಹೊಟ್ಟೇಲಿರೋದಕ್ಕೇ ತಗಲ್ತದೆ. ಬಾ, ಮನೆಗ್ ಬಾ."

ಮಾನಸ ಜೀಪಿನ ಕಡೆ ನೋಡಿದಳು. ಚಂದ್ರು ಎದ್ದು ನಿಂತ, ಒಂದು ಕಾಲನ್ನು ಹೊರಗೂ ಇಟ್ಟ. "ಕೂರೋ ಮುಂಡೇದೇ, ಮುಹೂರ್ತ ಮೀರ್ತದೆ" ಎಂದು ಕಾರಿನಿಂದ ದನಿ ಬಂತು. ಕಾಲು ಒಳಗೆ ಹೋಯಿತು. ಗಾಡಿಗಳು ದಾಟಿದ ಮೇಲೆ ಶಾಂತಪ್ಪ ಮತ್ತೆ ಬೀಗ ಹಾಕಿದ. ವೀಣಾ ಸರಳಿನಾಚೆ ನಿಂತು, "ಯಾಕಮ್ಮ ಹಿಂಗ್ ಮಾಡ್ತಿದ್ದೀರಾ, ನಿಮ್ಮ ಮೊಮ್ಮಗು ಅಲ್ವಾ ಅದು?" ಎಂದು ಅತ್ತೇಬಿಟ್ಟಳು. ಚಲುವಮ್ಮ ತಿರುಗಿ ನೋಡದೆ ಸೊಸೆಯನ್ನು ಕರೆದುಕೊಂಡು ಹೋದಳು.

ಮರುದಿನ ಶಾಂತಪ್ಪ ಲೈನಿಗೆಲ್ಲ ಪೇಡಾ ಹಂಚಿದ. ಬಂಗಲೆಗೆ ಗಂಡು ಕೂಸು. ಮಾನಸ ತನ್ನ ಪಾಲಿನ ಪೇಡಾವನ್ನು ಕೋಳಿಗಳಿಗೆ ಎಸೆದಳು.

ಬುಧವಾರ ಬೆಳಿಗ್ಗೆಯಿಂದ ಅವಳಿಗೆ ತಲೆನೋವು. ಬೀಪಿ ಮಾತ್ರೆ ನುಂಗಿದಳು, ಕಡಿಮೆಯಾಗಲಿಲ್ಲ. ಮಧ್ಯಾಹ್ನ ಅನ್ನದ ತಟ್ಟೆ ದೂರ ಸರಿಸಿ, "ಅತ್ತೆ, ಕಣ್ಮುಂದೆ ಹೊಗೆ ಹೊಗೆ ಆಯ್ತಾ ಐತೆ" ಅಂದಳು. ಡಾಕ್ಟರಮ್ಮ ಹೇಳಿದ್ದು ಚಲುವಮ್ಮನಿಗೆ ನೆನಪಿಲ್ಲದೆ ಇರಲಿಲ್ಲ. ನೆನಪಿತ್ತು! ಆದರೂ ಬಾಯಿಂದ ಬಂದದ್ದು, "ಇನ್ನೊಂದು ರಾತ್ರಿ ತಡ್ಕೋ ನನ್ನವ್ವ, ಬೆಳಕರಿದ್ರೆ ಗುರುವಾರ" ಎಂಬ ಮಾತು. ನೆತ್ತಿಗೆ ಹರಳೆಣ್ಣೆ ಹಾಕಿ ತಟ್ಟಿದಳು. ಮಾದಪ್ಪನಿಗೆ ಹರಕೆ ಹೊತ್ತಳು. ಹೊರಗೆ ಬಂದು ಬಿಸಿಲು ಎಷ್ಟು ಇಳಿಯಿತೆಂದು ನೋಡಿದಳು. ಒಳಗೆ ಹೋದಳು, ಮತ್ತೆ ಹೊರಗೆ ಬಂದು ನೋಡಿದಳು. ಹಾಳು ಬಿಸಿಲು ಇದ್ದಲ್ಲೇ ಇತ್ತು.

ದನಗಳು ವಾಪಸು ಬರುವ ಹೊತ್ತಿಗೆ ಒಳಗೆ ಪಾತ್ರೆ ಬಿದ್ದ ಸದ್ದಾಯಿತು. ಮಾನಸ ನೆಲದ ಮೇಲೆ ಬಿಲ್ಲಾಗಿ ಬಿದ್ದಿದ್ದಳು. ಕಣ್ಣುಗುಡ್ಡೆ ಮೇಲಕ್ಕೆ ಸಿಕ್ಕಿಕೊಂಡಿದ್ದವು. ಬಾಯಲ್ಲಿ ನೊರೆ, ನೊರೆಯಲ್ಲಿ ರಕ್ತ. ಚಲುವಮ್ಮ ಕಿರುಚಿದ ಕಿರುಚಿಗೆ ಲೈನಿನ ಹೆಂಗಸರೆಲ್ಲ ಬಂದರು.

ಕಂಬಳಿಯಲ್ಲಿ ಹೊತ್ತು ಗೇಟಿಗೆ ತಂದರು. ಶಾಂತಪ್ಪ ಕಂಗಾಲಾಗಿ, "ಸಾವ್ಕಾರ್ರಿಗೆ ಒಂದು ಫೋನ್ ಮಾಡಿ ಕೇಳ್ತೀನಿ ಇರಿ, ಎತ್ತುತ್ತಿಲ್ಲ, ಇನ್ನೊಂದ್ಸಲ..." ಅನ್ನುತ್ತಿದ್ದ.

"ನಿನ್ ಕೇಳೋ ಬಾಯಿಗೆ ಬೆಂಕಿ ಹಾಕ! ತೆಗ್ಯೋ!" ಎಂದು ಕೂಗಿದಳು ಚಲುವಮ್ಮ.

ತೆಗೆಯಲಿಲ್ಲ. ಚಲುವಮ್ಮ ಪಂಪ್‌ಹೌಸಿನಿಂದ ಹಾರೆ ತಂದು ಬೀಗಕ್ಕೆ ಹೊಡೆದಳು. ಮೊದಲ ಏಟಿಗೆ ಕೊಂಡಿ ಬಾಗಿತು, ಎರಡನೆಯದಕ್ಕೆ ಕಿತ್ತು ಬಂತು. ಅಷ್ಟೇ! ಎರಡು ಏಟಿನ ಕೆಲಸ! ಸೋಮವಾರವೂ ಅದು ಅಷ್ಟೇ ಗಟ್ಟಿಯ ಬೀಗವಾಗಿತ್ತು, ಹಾರೆಯೂ ಅಲ್ಲೇ ಇತ್ತು. ಅದು ಹೊಳೆದಾಗ ಅವಳಿಗೆ ತನ್ನ ತಲೆಯನ್ನೇ ಆ ಗೇಟಿಗೆ ಚಚ್ಚಿಕೊಳ್ಳಬೇಕು ಅನ್ನಿಸಿತು. ವೀಣಾ ಕರೆಸಿದ ಆಂಬ್ಯುಲೆನ್ಸು ಈ ಸಲ ನೋವು ಬಂದಿದೆಯೇ ಎಂದು ಕೇಳದೆ ಬಂತು.

ಮಾನಸಳನ್ನು ಉಳಿಸಿದರು. ಕೂಸನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ ತಂದು ಚಲುವಮ್ಮನ ಕೈಗಿಟ್ಟರು. ಗಂಡು. ತಲೆ ತುಂಬ ಕೂದಲು. ಕೈಬೆರಳಿನ ಉಗುರೂ ಬೆಳೆದಿತ್ತು, ಎಲ್ಲವೂ ತುಂಬಿತ್ತು, ಉಸಿರೊಂದು ಬಿಟ್ಟು.

ಡಾಕ್ಟರಮ್ಮ ಕೈತೊಳೆದುಕೊಂಡು ಬಂದವಳೇ ಬೈದಳು. "ಸೋಮವಾರ ಬನ್ನಿ ಅಂತ ಹೇಳಿರಲಿಲ್ವೇನಮ್ಮ ನಾನು? ಎಷ್ಟು ಸಲ ಹೇಳಿದೆ? ಏನ್ ಮಾಡ್ತಿದ್ರಿ ಮೂರು ದಿನ? ನಿಮ್ಮಂಥವರಿಗೆ ಎಷ್ಟು ಹೇಳಿದ್ರೂ ಅಷ್ಟೇ. ಆ ಹುಡುಗೀನೂ ಸಾಯ್ತಿದ್ಲು."

ಚಲುವಮ್ಮ ಏನೆಂದು ಹೇಳಿಯಾಳು? ಉಪ್ಪು ಹಿಡಿದಿದ್ದೆ ಎನ್ನಲೇ? ಸಾಹುಕಾರರ ಮೊಮ್ಮಗನಿಗೆ ರಾಜಯೋಗವಿತ್ತು ಎನ್ನಲೇ? "ತಪ್ಪಾಯ್ತು ಕನವ್ವ" ಅಂದಳು. ಆಣೆ ಮುರಿದರೆ ಕುಡಿಗೆ ತಗಲುತ್ತದೆ ಎಂದಿದ್ದರು ಹಿರಿಯರು. ಅವಳು ಆಣೆಯನ್ನು ಕೊನೆಯ ಸಂಜೆಯವರೆಗೂ ಉಳಿಸಿದ್ದಳು.

ಸುದ್ದಿ ತಿಳಿದು ಚಂದ್ರು ಮೈಸೂರಿನಿಂದ ಬಸ್ಸು ಹತ್ತಿ ಬಂದ. ಎಸ್ಟೇಟಿನ ಎಲ್ಲೆಯೊಳಗೆ ಹೂಳಕೂಡದು ಎಂದು ಫೋನಿನಲ್ಲೇ ಅಪ್ಪಣೆಯಾಗಿತ್ತು. ಕಾವೇರಿಯ ದಂಡೆಯಲ್ಲಿ ಜಾಗ ನೋಡಿ ಮಣ್ಣು ಮಾಡಿದರು. ಆಮೇಲೆ ಚಂದ್ರು ಕೆಲಸಕ್ಕೂ ಹೋಗಲಿಲ್ಲ, ಅವ್ವನ ಜೊತೆ ಮಾತೂ ಆಡಲಿಲ್ಲ. ಬೆಳಗಾದರೆ ಹೊಳೆಯ ದಂಡೆಗೆ ಹೋಗಿ ಕೂರುತ್ತಿದ್ದ. ಮಾನಸ ಆಸ್ಪತ್ರೆಯಿಂದ ಬಂದು ಗೋಡೆಗೆ ಮುಖ ಮಾಡಿ ಮಲಗಿದಳು. ಎದೆಯಲ್ಲಿ ಹಾಲು ಕಟ್ಟಿ ಕಲ್ಲಾಯಿತು, ಜ್ವರ ಬಂತು. ಹಾಲು ಇಂಗಲೆಂದು ಚಲುವಮ್ಮ ಮಲ್ಲಿಗೆ ಹೂ ತಂದು ಎದೆಗೆ ಕಟ್ಟಲು ಹೋದರೆ, "ಮುಟ್ಬೇಡಿ" ಅಂದಳು. ಆ ಒಂದು ಮಾತು ಬಿಟ್ಟು ಅತ್ತೆಯ ಜೊತೆ ಬೇರೆ ಮಾತಿಲ್ಲ. ಚಲುವಮ್ಮ ಕೊಟ್ಟಿಗೆಗೆ ಹೋಗುವುದನ್ನು ನಿಲ್ಲಿಸಿ, ಸೊಸೆಯ ಕಾಲ ಬಳಿ ಕೂತಿರುತ್ತಿದ್ದಳು.

ಬಂಗಲೆಯವರು ಕೂಸು ಬಾಣಂತಿಯೊಂದಿಗೆ ಮೈಸೂರಿನಿಂದ ವಾಪಸು ಬಂದರು. ಲೈನ್ ಮನೆಗಳಿರುವುದು ಬಂಗಲೆಯ ಕಣದ ಕೆಳಗೇ. ಅಲ್ಲಿ ಕೂಸು ಅತ್ತರೆ ಇಲ್ಲಿ ಕೇಳುತ್ತದೆ. ಅದು ಹಗಲಿಡೀ ಅಳುತ್ತಿತ್ತು, ಬೆಕ್ಕಿನ ಮರಿಯ ಹಾಗೆ, ಸಣ್ಣಗೆ. ದಿನ ತುಂಬದೆ ಬಂದ ಕೂಸಿಗೆ ಡಬ್ಬಿ ಹಾಲು ಒಗ್ಗುತ್ತಿಲ್ಲ, ಕುಡಿದದ್ದೆಲ್ಲ ಕಕ್ಕುತ್ತದೆ, ಐಶ್ವರ್ಯಳಿಗೆ ಹಾಲೇ ಇಳಿದಿಲ್ಲ ಎಂದು ಲೈನಿನಲ್ಲಿ ಮಾತಾಯಿತು. ಆ ಅಳು ಕೇಳಿದಾಗೆಲ್ಲ ಮಾನಸಳ ರವಿಕೆ ತೋಯುತ್ತಿತ್ತು. ಅವಳು ಕಿವಿ ಮುಚ್ಚಿಕೊಂಡು ಹಲ್ಲು ಕಚ್ಚುತ್ತಿದ್ದಳು.

ಒಂದು ಬೆಳಿಗ್ಗೆ ಕಾಂತಮ್ಮನೇ ಲೈನಿಗೆ ಇಳಿದು ಬಂದಳು. ಆ ಎಸ್ಟೇಟು ಕಟ್ಟಿದ ಮೇಲೆ ಬಂಗಲೆಯ ಹೆಂಗಸೊಬ್ಬಳು ಲೈನಿನ ಅಂಗಳ ತುಳಿದದ್ದು ಅದೇ ಮೊದಲು. ಹಿಂದೆ ಶಾಂತಪ್ಪ. ಕಾಂತಮ್ಮನ ಕೈಯಲ್ಲಿ ಮುಚ್ಚಳವಿದ್ದ ಬೆಳ್ಳಿಯ ಗಿಂಡಿ. ಅಕ್ಕಪಕ್ಕದ ಬಾಗಿಲುಗಳಲ್ಲೆಲ್ಲ ತಲೆಗಳು ಕಾಣಿಸಿಕೊಂಡವು.

"ಚಲುವಮ್ಮಾ" ಎಂದು ಕರೆದಳು ಕಾಂತಮ್ಮ. ಚಲುವಿ ಅನ್ನಲಿಲ್ಲ. ಕಣ್ಣಿನ ಕೆಳಗೆ ಕಪ್ಪಾಗಿತ್ತು, ನಿದ್ದೆ ಮಾಡಿದ ಮುಖ ಅಲ್ಲ ಅದು. "ನಿಮ್ಮ ಮನೇಲಿ ಆಗಬಾರದ್ದು ಆಯ್ತು. ದೇವರು ಕೊಟ್ಟ, ದೇವರು ಕಿತ್ಕೊಂಡ. ನಮ್ಮ ಮಗೂನೂ ಉಳಿಯೋ ಹಾಗೆ ಕಾಣ್ತಿಲ್ಲ ಕಣೇ. ತಾಯಿ ಹಾಲು ಒಂದೇ ದಾರಿ ಅಂದ್ರು ಡಾಕ್ಟರು. ನಿನ್ನ ಸೊಸೇದು ಹೇಗೂ ಸುಮ್ನೆ ಪೋಲಾಗ್ತಿದೆ. ಅವಳಿಗೂ ಎದೆ ಹಗುರಾಗುತ್ತೆ. ಇದ್ರಲ್ಲಿ ಹಿಂಡಿ ಕೊಡ್ಲಿ. ಹೊತ್ತು ಹೊತ್ತಿಗೆ ಶಾಂತಪ್ಪ ಬಂದು ತಗೊಂಡೋಗ್ತಾನೆ."

ಚಲುವಮ್ಮ ಎದ್ದಳು. ಇಡೀ ಜನ್ಮ ಅಮ್ಮಾವ್ರು ಚಾಚಿದ್ದನ್ನು ಈಸಿಕೊಂಡ ಕೈ, ತಾನಾಗಿ ಮುಂದೆ ಹೋಯಿತು.

"ಈಸ್ಕೋಬೇಡಿ ಅತ್ತೆ."

ಮಾನಸ ಎದ್ದು ಬಂದಿದ್ದಳು. ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ರವಿಕೆಯ ಮುಂಭಾಗ ತೊಯ್ದು ಅಂಟಿಕೊಂಡಿತ್ತು, ಸೆರಗು ಎಳೆದುಕೊಳ್ಳಲೂ ಇಲ್ಲ.

"ಗಿಂಡಿಗೆ ಕೊಡಾಕೆ ನಾನೇನ್ ನಿಮ್ ಕೊಟ್ಟಿಗೆ ಹಸಾನಾ ಅಮ್ಮಾರೇ? ಮಗೂಗೆ ಹಸಿವಾದ್ರೆ ಮಗೂನ ತನ್ನಿ. ನನ್ ಮಡ್ಲಿಗೆ ಹಾಕಿ. ಹೊಟ್ಟೆ ತುಂಬ ಕುಡುಸ್ತೀನಿ."

"ಇಲ್ಲಿಗಾ?" ಕಾಂತಮ್ಮನ ಕಣ್ಣು ಒಳಗಿನ ನೆಲದ ಮೇಲೆ, ಒಲೆಯ ಮೇಲೆ, ಮೂಲೆಯಲ್ಲಿದ್ದ ಚಾಪೆಯ ಮೇಲೆ ಹರಿಯಿತು. "ಸೂತಕದ ಮನೆ ಇದು. ಹಸುಗೂಸನ್ನ ಇಲ್ಲಿಗೆ ಹೇಗೆ..."

"ಹಂಗಾರೆ ನಾನೇ ಬತ್ತೀನಿ ಬಂಗ್ಲೆಗೆ. ಒಳಗೆ, ನಿಮ್ ಸೊಸೆ ಮಲಗಿರೋ ಮಂಚದ ಮ್ಯಾಲೆ ಕುಂತ್ಕಂಡು ಕುಡುಸ್ತೀನಿ."

"ಬಾಣಂತಿ ಬಾಣಂತಿ ಎದುರಾಗಬಾರ್ದಮ್ಮ. ಒಳಗೆ ಬೇಡ... ಹಿತ್ತಿಲ ಜಗಲೀಲಿ ಬೇಕಾದ್ರೆ ಪರದೆ ಕಟ್ಟಿಸ್ತೀನಿ..."

"ನನ್ ಹಾಲು ಒಳಗ್ ಬರ್ಬೋದು, ನಾನ್ ಬರ್ಬಾರ್ದಾ?"

ಮೇಲಿನಿಂದ ಅಳು ಕೇಳುತ್ತಲೇ ಇತ್ತು. ಕಾಂತಮ್ಮ ಚಲುವಮ್ಮನ ಕಡೆ ತಿರುಗಿದಳು. ಕಣ್ಣಲ್ಲಿ ನೀರಿತ್ತು, ಸುಳ್ಳಿನ ನೀರಲ್ಲ. "ನೀನಾದ್ರೂ ಹೇಳೇ. ಹೆತ್ತವಳು ನೀನು. ಪಾಪದ ಕೂಸು, ಅದೇನು ಮಾಡಿದೆ?"

"ಏನೂ ಮಾಡಿಲ್ಲ ಅಮ್ಮಾರೇ" ಅಂದಳು ಚಲುವಮ್ಮ. ಅವಳ ದನಿ ಅವಳಿಗೇ ಹೊಸದಾಗಿ ಕೇಳಿತು. "ನಮ್ದೂ ಏನೂ ಮಾಡಿರ್ನಿಲ್ಲ."

ಅವಳು ಮೂಲೆಯಲ್ಲಿದ್ದ ಚಾಪೆ ಎತ್ತಿ, ಹೊಸ್ತಿಲಿನಿಂದ ಎಲ್ಲರಿಗೂ ಕಾಣುವ ಹಾಗೆ ಮನೆಯ ನಡುಮಧ್ಯ ಹಾಸಿದಳು. ಅಂಗೈಯಿಂದ ಸುಕ್ಕು ಸವರಿ, ಮಾನಸಳ ತೋಳು ಹಿಡಿದು ಕೂರಿಸಿದಳು. ಈ ಸಲ ಮಾನಸ ಕೈ ಕೊಡವಲಿಲ್ಲ. ಚಲುವಮ್ಮ ಬಾಗಿಲ ಎರಡೂ ರೆಕ್ಕೆಗಳನ್ನು ಗೋಡೆಯವರೆಗೂ ತೆರೆದು, ಅಂಗಳಕ್ಕೆ ಬಂದು ನಿಂತಳು.

"ಬಾಗ್ಲು ತೆಗ್ದಿವ್ನಿ ಕಾಂತಮ್ಮಾರೇ. ಚಾಪೆ ಹಾಕಿವ್ನಿ. ಕರ್ಕಂಬನ್ನಿ ಮಗೂನ. ಎಷ್ಟೊತ್ತಾದ್ರೂ ಕಾಯ್ತೀವಿ. ಮನೆ ಖಾಲಿ ಮಾಡಿ ಅಂದ್ರೆ ಮಾಡ್ತೀವಿ, ಚಾಪೇನ ಗೇಟ್ ಮುಂದೆ ಹಾಕ್ಕಂಡು ಅಲ್ಲೂ ಕಾಯ್ತೀವಿ. ಗಿಂಡಿ ಮಾತ್ರ ಎತ್ಕಂಡೋಗಿ."

ಕಾಂತಮ್ಮ ಗಿಂಡಿಯನ್ನು ಸೆರಗಿನೊಳಗೆ ಮುಚ್ಚಿಕೊಂಡು ಬೇಗ ಬೇಗ ದಿಬ್ಬ ಹತ್ತಿದಳು. ಲೈನಿನ ಹೆಂಗಸರು ಯಾರೂ ಒಳಗೆ ಹೋಗಲಿಲ್ಲ. ಬಂಗಲೆಯಲ್ಲಿ ಜೋರು ಮಾತು ಕೇಳಿತು, ಸಿದ್ದಬಸಪ್ಪನ ಬೈಗುಳ, ಐಶ್ವರ್ಯ "ಕೊಡಿ ಅತ್ತೆ, ನಾನೇ ಕರ್ಕೊಂಡು ಹೋಗ್ತೀನಿ" ಎಂದು ಅತ್ತದ್ದು, ಒಂದು ಬಾಗಿಲು ದಢಾರನೆ ಮುಚ್ಚಿಕೊಂಡದ್ದು. ಮಾನಸ ಚಾಪೆಯ ಮೇಲೆ ಕಾಲು ಚಾಚಿ, ಖಾಲಿ ಮಡಿಲು ಸರಿಮಾಡಿಕೊಂಡು ಕೂತಿದ್ದಳು. ರವಿಕೆಯಿಂದ ಹನಿ ಸೀರೆಗೆ ಬೀಳುತ್ತಿತ್ತು. ಮೇಲೆ ಕೂಸು ಅಳುತ್ತಿತ್ತು. ಆ ಅಳು ಹತ್ತಿರ ಬರಲೂ ಇಲ್ಲ, ನಿಲ್ಲಲೂ ಇಲ್ಲ.